ಎಣ್ಣೆ ಹಾಕಲು ಒಂದಿಷ್ಟು ಮಣ್ಣು

"ಇದನ್ನು ಎಲ್ಲಿಗೆ ಹಾಕುವುದು?"

ಚೀಲಕ್ಕೆ ಬುತ್ತಿ ತುರುಕುತ್ತಾ ಹೊರಗೆ ಬಂದೆ. ಅಮ್ಮ ಅಂಗಳದ ನಡುವೆ ನಿಂತಿದ್ದಳು. ಒಂದು ಕೈಯಲ್ಲಿ ಎಣ್ಣೆಯ ಗಿಂಡಿ, ಇನ್ನೊಂದರಲ್ಲಿ ಅರಸಿನ, ಸೀಗೆಪುಡಿ ಇಟ್ಟ ತಟ್ಟೆ.

ಆಗ ನೆನಪಾಯಿತು, ಕೆಡ್ಡಸದ ಕೊನೆಯ ದಿನ. ಈ ಮೂರು ದಿನ ಭೂಮಿ ಮುಟ್ಟಾಗಿ ವಿಶ್ರಾಂತಿಯಲ್ಲಿರುತ್ತಾಳೆ ಎಂದು ನಮ್ಮ ತುಳುವರ ಮನೆಗಳಲ್ಲಿ ನಂಬಿಕೆ. ಯಾರೂ ನೆಲಕ್ಕೆ ಕಬ್ಬಿಣ ತಾಗಿಸುವುದಿಲ್ಲ. ಕೊನೆಯ ದಿನ ಹೆಂಗಸರು ತುಳಸಿಕಟ್ಟೆಯ ಬುಡದಲ್ಲಿ ಎಣ್ಣೆ, ಸೀಗೆ ಹಾಕಿ ಅವಳನ್ನು ಮೀಯಿಸಬೇಕು. ಹುರಿದ ಅಕ್ಕಿ, ಬೆಲ್ಲ ಸೇರಿಸಿ ಮಾಡಿದ ನನ್ನೆರಿ ತಿನ್ನುವುದು ಅದಾದ ಮೇಲೆ.

ನಮ್ಮ ಅಂಗಳದಲ್ಲಿ ನೆಲವೇ ಇರಲಿಲ್ಲ. ದೀಪಾವಳಿಗೆ ಮೊದಲು ಗೇಟಿನಿಂದ ಮೆಟ್ಟಿಲ ತನಕ ಸಿಮೆಂಟಿನ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದೆವು. ಮೊದಲು ಪಕ್ಕದ ಮನೆಯ ಸರ್ವೋತ್ತಮಣ್ಣ ಹಾಕಿಸಿದರು, ಅದನ್ನು ನೋಡಿ ನಾವು, ನಮ್ಮದನ್ನು ನೋಡಿ ಆಚೆಯವರು. ಮಸ್ಕತ್ತಿನಿಂದ ಗಂಡ ವಿಡಿಯೋ ಕಾಲಿನಲ್ಲಿ ನೋಡಿ "ಒಳ್ಳೆ ಹೋಟೆಲಿನ ಹಾಗೆ ಉಂಟು ಮಾರಾಯ್ತಿ" ಎಂದಿದ್ದರು. ನನಗೆ ಚಂದ ಬೇಕಿರಲಿಲ್ಲ. ಗುಡಿಸುವುದು ತಪ್ಪಿದರೆ ಸಾಕಿತ್ತು. ಬೆಳಿಗ್ಗೆ ಹಲಸಿನ ಎಲೆ ಗುಡಿಸಿ, ಅಡುಗೆ ಮುಗಿಸಿ, ಕಾಪುವಿನಿಂದ ಉಡುಪಿಗೆ ಹೋಗಿ ಇಡೀ ದಿನ ನಿಂತು ಫ್ರಿಜ್ಜು, ಟಿವಿ ಮಾರುವವಳ ಸೊಂಟಕ್ಕೆ ಅಷ್ಟಾದರೂ ಬಿಡುವು ಬೇಕಲ್ಲ. ಹಲಸಿನ ಮರವನ್ನೂ ಆಗಲೇ ಕಡಿಸಿದ್ದು.

"ಅಜ್ಜಿ, ಕಟ್ಟೆಯ ಮೇಲಿನ ತುಳಸಿ ಚಟ್ಟಿಗೇ ಹಾಕಿ" ಎಂದಳು ಮಗಳು ಯಶ್ಮಿತಾ, ಮೊಬೈಲಿನಿಂದ ತಲೆ ಎತ್ತದೆ.

"ಅದರ ಮಣ್ಣು ನೀನು ಈ ಮೊಬೈಲಿನಲ್ಲೇ ತರಿಸಿದ್ದಲ್ವಾ? ಪ್ಯಾಕೆಟಿನಲ್ಲಿ ಬಂದ ಭೂಮಿಯನ್ನು ಎಂತ ಮೀಯಿಸುವುದು!"

"ಎರಡು ಕಲ್ಲಿನ ನಡುವೆ ಬಿಡು ಅಮ್ಮ" ಎಂದೆ ನಾನು.

ಬಿಟ್ಟಳು. ಎಣ್ಣೆ ಇಳಿಯಲಿಲ್ಲ. ಕಲ್ಲಿನ ಮೇಲೆ ಹರಡಿ ಹೊಳೆಯಿತು.

"ಇದೆಂತ, ದೋಸೆ ಕಾವಲಿಯಾ?"

"ಮೊದಲು ತಿಂಡಿ ತಿನ್ನು, ಮತ್ತೆ ನೋಡುವ."

"ಅವಳು ಮೀಯದೆ ನಾನು ತಿನ್ನುವುದಿಲ್ಲ."

"ಶುಗರಿನ ಮಾತ್ರೆ?"

"ಅದು ಆಗಲೇ ತಕ್ಕೊಂಡೆ."

ಹೋದ ವರ್ಷ ಹೀಗೆಯೇ ಮಾತ್ರೆ ನುಂಗಿ, ತಿನ್ನದೆ ಬಚ್ಚಲಲ್ಲಿ ಬಿದ್ದಿದ್ದಳು. ಮಣ್ಣು ಸಿಗಬಹುದೆಂದು ಹಿತ್ತಲಿಗೆ ಓಡಿದೆ. ಅಲ್ಲಿ ವಾಷಿಂಗ್ ಮಷೀನಿಗೆಂದು ಹಾಕಿಸಿದ ಕಾಂಕ್ರೀಟು ಕಾಂಪೌಂಡಿನ ತನಕ ಉಂಟು. ಇಂಟರ್‌ಲಾಕ್ ಹಾಕಿದ ಗದಗದ ಸಂಗಮೇಶನಿಗೆ ಫೋನು ಮಾಡಿದೆ.

"ನಾಕು ಕಲ್ಲು ಕೀಳೂದೇನ್ರಿ? ಹಾರಿ ತಗೊಂಡ್ ಬರ್ತೀನ್ರಿ ಅಕ್ಕಾರ, ಈಗ ಬಂದೆ."

"ಹಾರೆ ಬೇಡ ಮಾರಾಯ. ಇವತ್ತು ನೆಲಕ್ಕೆ ಕಬ್ಬಿಣ ತಾಗಬಾರದು. ಕೈಯಲ್ಲಿ ತೆಗೆಯಲಿಕ್ಕೆ ಆಗುದಿಲ್ವಾ?"

ಅವನು ನಕ್ಕ. "ಕೈಗೆ ಬರಂಗಿಲ್ರಿ. ಒಂದು ಹುಲ್ಲೂ ಏಳಬಾರದು ಅಂತ ನೀವ ಹೇಳಿದ್ರಲ್ರಿ. ಹಂಗ ಬಡದು ಕುಂದರ್ಸೀನಿ."

ನಾನೇ ಹೇಳಿದ್ದು, ಹೌದು.

ನನ್ನೆರಿಯ ಡಬ್ಬಿ, ಸೀಗೆ, ಅರಸಿನದ ಪೊಟ್ಟಣ ಚೀಲಕ್ಕೆ ಹಾಕಿ ಸ್ಕೂಟರು ತೆಗೆದೆ. ಅಮ್ಮ ಗಿಂಡಿ ಹಿಡಿದು ಹಿಂದೆ ಕೂತಳು. ಓಣಿಯ ರಸ್ತೆ ಒಂದು ಗೋಡೆಯಿಂದ ಇನ್ನೊಂದು ಗೋಡೆಯ ತನಕ ಕಾಂಕ್ರೀಟು. ಪ್ರತಿ ಗೇಟಿನೊಳಗೂ ಕೆಂಪು, ಬೂದು ಇಂಟರ್‌ಲಾಕ್. ಅಮ್ಮ ಹಿಂದಿನಿಂದ ಒಂದೊಂದೇ ಮನೆ ಹೇಳುತ್ತಿದ್ದಳು. "ಇವರೂ ಹಾಕಿಸಿದರಾ? ಇವರೂ?"

ಓಣಿಯಾಚೆಯ ಗದ್ದೆಯ ನೆನಪಾಗಿ ಗಾಡಿಯನ್ನು ಅತ್ತ ತಿರುಗಿಸಿದೆ. ಗದ್ದೆಯೂ ಇರಲಿಲ್ಲ. ಲೇಔಟಿಗೆಂದು ಕೆಂಪು ಮಣ್ಣು ತುಂಬಿಸಿ ರಸ್ತೆಯ ಮಟ್ಟಕ್ಕೆ ಎತ್ತರಿಸಿದ್ದರು. ಆದರೂ ಮಣ್ಣು ಮಣ್ಣೇ ಅಲ್ಲವಾ ಎಂದು ಗಾಡಿ ನಿಲ್ಲಿಸಿದೆ.

"ಇಲ್ಲಿ ಹಾಕು ಅಮ್ಮ."

ಅಮ್ಮ ಚಪ್ಪಲಿ ಬಿಟ್ಟು ಹೆಬ್ಬೆರಳಿನಲ್ಲಿ ಒತ್ತಿ ನೋಡಿದಳು. "ಇವಳು ನಮ್ಮೂರಿನವಳಲ್ಲ. ಕಾರ್ಕಳದ ಕಡೆಯ ಗುಡ್ಡ ಇದು."

"ಯಾವ ಊರಾದರೆ ಎಂತ?"

"ನಾನು ಎಣ್ಣೆ ಕೊಡಬೇಕಾದವಳು ಇವಳ ಅಡಿಯಲ್ಲಿದ್ದಾಳೆ." ಹಣೆಯಲ್ಲಿ ಬೆವರಿತ್ತು. ಶುಗರು ಇಳಿಯುತ್ತಿದೆ ಎಂದು ಗೊತ್ತಾಯಿತು.

ಡಬ್ಬಿಯ ಮುಚ್ಚಳ ತೆಗೆದೆ. "ಒಂದು ಮುಷ್ಟಿ ತಿನ್ನು ಅಮ್ಮ. ನಿನ್ನ ಕಾಲು ಹಿಡಿಯುತ್ತೇನೆ." ಬಾಯಿ ಬಿಗಿಹಿಡಿದು ಮುಖ ತಿರುಗಿಸಿದಳು. ಚಿಕ್ಕವಳಿದ್ದಾಗ ಯಶ್ಮಿತಾ ಮಾಡುತ್ತಿದ್ದ ಹಾಗೆಯೇ.

ಆ ಹೊತ್ತಿಗೆ ಒಂದು ಟಿಪ್ಪರು ಹಿಮ್ಮುಖವಾಗಿ ಬಂದು ಅಲ್ಲೇ ಮಣ್ಣು ಸುರಿಯಿತು. ಹಸಿ ಮಣ್ಣು, ಅದರಲ್ಲಿ ಕಡಿದ ಬೇರುಗಳು. ಅಮ್ಮ ಅದನ್ನೇ ನೋಡುತ್ತಾ ನಿಂತಳು.

"ಇವತ್ತೂ ಅಗೆದಿದ್ದಾರೆ ಇವಳನ್ನು."

"ಹೌದು."

"ಮೂರು ದಿನವೂ ಬಿಡುವು ಕೊಟ್ಟಿಲ್ಲ, ಅಲ್ವಾ?"

"ಯಾರಿಗೆ ಸಿಗ್ತದೆ ಅಮ್ಮ ಬಿಡುವು?"

ನನ್ನ ಸ್ವರ ನನಗೇ ಒರಟಾಗಿ ಕೇಳಿಸಿತು. ಅಮ್ಮ ತಿರುಗಿ ನನ್ನನ್ನು ನೋಡಿದಳು. ಶೋರೂಮಿನ ಸಮವಸ್ತ್ರ, ಕುತ್ತಿಗೆಯ ಐಡಿ ಕಾರ್ಡು, ಕಣ್ಣಿನ ಕೆಳಗಿನ ಕಪ್ಪು, ಎಲ್ಲ. ಮೊಣಕಾಲು ಹಿಡಿದುಕೊಂಡು ಆ ಹೊಸ ರಾಶಿಯ ಪಕ್ಕ ಕೂತಳು.

"ಪಾಪ, ಎಲ್ಲಿಂದಲೋ ಎಳೆದು ತಂದಿದ್ದಾರೆ" ಎನ್ನುತ್ತಾ ಎಣ್ಣೆ ಬಿಟ್ಟಳು. ಮಣ್ಣು ತಕ್ಷಣ ಕುಡಿಯಿತು. ಸೀಗೆ, ಅರಸಿನ ಹಾಕಿದಳು, ನೀರಿಗೆ ನನ್ನ ಬಾಟಲಿಯನ್ನೇ ಕೇಳಿದಳು. ಕೈಯಲ್ಲಿ ಉಳಿದ ಎಣ್ಣೆಯನ್ನು ನಾನು ಬೇಡ ಎನ್ನುವ ಮೊದಲೇ ನನ್ನ ನೆತ್ತಿಗೆ ತಟ್ಟಿದಳು. ಮತ್ತೆ ತಾನಾಗಿಯೇ ಡಬ್ಬಿಗೆ ಕೈ ಚಾಚಿದಳು.

ಅಮ್ಮನನ್ನು ಮನೆಗೆ ಬಿಟ್ಟು ಶೋರೂಮಿಗೆ ತಡವಾಗಿ ಹೋದೆ. ಮ್ಯಾನೇಜರು ಜಿಡ್ಡು ತಲೆಯನ್ನು ನೋಡಿ ಮುಖ ಸಿಂಡರಿಸಿದರು. ಮೊದಲ ಗಿರಾಕಿ ಚೆನ್ನಾಗಿಯೇ ಇರುವ ಫ್ರಿಜ್ಜನ್ನು ಕೊಟ್ಟು ದೊಡ್ಡದು ಕೊಳ್ಳಲು ಬಂದಿದ್ದರು. ಹಳೆಯದಕ್ಕೆ ಏನಾಗಿದೆ ಎಂದು ನಾನು ಕೇಳಲಿಲ್ಲ. ಹೊಸದರ ಬಾಗಿಲು ತೆಗೆದು ತೋರಿಸಿದೆ. ಕಿವಿಯ ಹಿಂದೆ ಎಣ್ಣೆ ಇಳಿಯುತ್ತಿತ್ತು.

ಸಂಜೆ ಸಂಗಮೇಶನಿಗೆ ಮತ್ತೆ ಫೋನು ಮಾಡಿದೆ.

"ನಾಳೆ ಹಾರೆ ತಗೊಂಡು ಬಾ. ತುಳಸಿಕಟ್ಟೆಯ ಸುತ್ತ ಕಲ್ಲು ತೆಗಿ."

"ಹುಲ್ಲು ಬರ್ತದ್ರಿ ಅಕ್ಕಾರ. ಮಳಿಗಾಲಕ್ಕ ಕೆಸರು. ಮತ್ತ ದಿನಾ ಕಸಾ ಹೊಡಿಬೇಕಾಗ್ತದ."

"ಗೊತ್ತುಂಟು" ಎಂದೆ. ಸೊಂಟ ಆಗಲೇ ನೋಯುತ್ತಿತ್ತು. "ನೀನು ಬಾ."