ಅಮ್ಮನನ್ನು ಕೇಳಿ ತಂದ ರಸದ ಯಂತ್ರ

ನಮ್ಮಣ್ಣ ಹಾಕ್ ಸೂನ್ ಸಿಂಗಪುರದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಅಪ್ಪನ ಮುಖ ನೋಡಿ, ಎಷ್ಟು ಇಳಿದುಹೋಗಿದ್ದಾರೆ ಎಂದ. ವರ್ಷಕ್ಕೊಮ್ಮೆ ನೋಡುವವರ ಕಣ್ಣಿಗೆ ಎಲ್ಲರೂ ಇಳಿದೇ ಹೋಗಿರುತ್ತಾರೆ. ದಿನಾ ನೋಡುವವಳು ನಾನು. ಎಡಗೈ ಎಡಗಾಲು ಬಿದ್ದುಹೋದ ಮನುಷ್ಯನನ್ನು ಮೂರು ವರ್ಷದಿಂದ ಜೆಲುಟಾಂಗ್ ಬಡಾವಣೆಯ ಈ ಏಳನೇ ಮಹಡಿಯ ಮನೆಯಲ್ಲಿ ಎಬ್ಬಿಸಿ, ಕೂರಿಸಿ, ತೊಳೆದು, ಉಣ್ಣಿಸಿ, ನಡುವೆ ಸಿಕ್ಕ ಹೊತ್ತಿನಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಅಪ್ಪ ಇಳಿದಿರಲಿಲ್ಲ. ಹೋದ ತಿಂಗಳಿಗಿಂತ ಅರ್ಧ ಕಿಲೋ ಏರಿದ್ದರು. ಅದನ್ನು ಹೇಳಿದೆ. ಅಣ್ಣ ಕೇಳಿಸಿಕೊಳ್ಳಲಿಲ್ಲ.

ಅಪ್ಪನ ಹೃದಯದಲ್ಲಿ ಲೋಹದ ಕವಾಟವಿದೆ. ಅದಕ್ಕೆ ರಕ್ತ ತೆಳುವಾಗಿಡುವ ಮಾತ್ರೆ ಬದುಕಿರುವ ತನಕ ನುಂಗಬೇಕು. ಒಮ್ಮೆ ಹದಿನೈದು ದಿನ ನುಂಗದೆ ಬಿಟ್ಟರು, ರಕ್ತ ಹೆಪ್ಪುಗಟ್ಟಿ ತಲೆಗೇರಿತು, ಎಡಭಾಗ ಹೋಯಿತು. ಇನ್ನೊಂದು ಸಲ ಹಾಗಾದರೆ ಉಳಿದ ಅರ್ಧವೂ ಹೋಗುತ್ತದೆ, ಇಲ್ಲವೇ ಅಪ್ಪನೇ ಹೋಗುತ್ತಾರೆ. ಸೊಪ್ಪು ಆ ಮಾತ್ರೆಯ ಬಲವನ್ನು ಇಳಿಸುತ್ತದೆ. ತಿನ್ನಲೇಬಾರದು ಎಂದಲ್ಲ, ದಿನಾ ಒಂದೇ ಅಳತೆಯಲ್ಲಿ ತಿನ್ನಬೇಕು. ನಮ್ಮ ಮನೆಯ ಅಳತೆ ನನ್ನ ಒಂದು ಹಿಡಿ. ಹಬ್ಬವಿರಲಿ, ಜ್ವರವಿರಲಿ, ಬೇಯಿಸಿದ ಒಂದು ಹಿಡಿ ಸಾಸಿವೆ ಸೊಪ್ಪು. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ರಕ್ತ ನೋಡಿ ಚಿಕ್ಕ ಪುಸ್ತಕದಲ್ಲಿ ಒಂದು ಅಂಕಿ ಬರೆಯುತ್ತಾರೆ. ಎರಡೂವರೆಗಿಂತ ಇಳಿಯಬಾರದು, ಮೂರೂವರೆ ದಾಟಬಾರದು. ಹೋದ ಎರಡು ವರ್ಷದಲ್ಲಿ ಅದು ಒಂದು ಸಲವೂ ಗೆರೆ ದಾಟಿರಲಿಲ್ಲ. ಆ ಪುಸ್ತಕವನ್ನು ನಾನು ಯಾರಿಗೂ ತೋರಿಸಿ ಹೊಗಳಿಸಿಕೊಂಡಿಲ್ಲ, ಆದರೆ ನನ್ನ ಮಟ್ಟಿಗೆ ಅದು ಮೆಡಲೇ.

ಅಣ್ಣ ಬಂದದ್ದು ವರ್ಷಕ್ಕೊಮ್ಮೆ ಅಮ್ಮನ ಗೋರಿಯನ್ನು ಗುಡಿಸಿ ಪೂಜಿಸುವ ಹಬ್ಬಕ್ಕೆ. ಈ ಸಲ ಎರಡು ವಾರ ರಜೆ ಹಾಕಿ ಅತ್ತಿಗೆಯನ್ನೂ ಕರೆತಂದಿದ್ದ. ಅವನ ಆಫೀಸಿನಲ್ಲಿ ಯಾರದೋ ಮಾವ ಗೋಧಿ ಹುಲ್ಲಿನ ರಸ ಕುಡಿದು ಎದ್ದು ಓಡಾಡುತ್ತಿದ್ದಾರಂತೆ. ಎರಡನೇ ದಿನವೇ ನಮ್ಮೆಲ್ಲರನ್ನೂ, ಗಾಲಿಕುರ್ಚಿಯ ಅಪ್ಪನನ್ನೂ ಸೇರಿಸಿ, ಮಾಲ್‌ಗೆ ಹೊರಡಿಸಿದ. ಅಪ್ಪನಿಗೆ ಸೊಪ್ಪು ಜಾಸ್ತಿಯಾಗಬಾರದು ಅಂತ ಲಿಫ್ಟಿನಲ್ಲೇ ಹೇಳಿದೆ. ಇದು ಸೊಪ್ಪಲ್ಲ, ಹುಲ್ಲು, ಅದೂ ಹಸಿ, ಬೇಯಿಸಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದ. ಮಾಲ್‌ನಲ್ಲಿ ಹುಲ್ಲಿನ ಜೊತೆ ಬಸಳೆ, ಪಾಲಕ್, ಸಾಸಿವೆ ಸೊಪ್ಪನ್ನೂ ಬುಟ್ಟಿಗೆ ಹಾಕಿಕೊಂಡ. ರಸ ದಪ್ಪಗಿರಬೇಕಂತೆ.

ಅಂಗಡಿಯ ಹುಡುಗಿ ಮೂರು ಯಂತ್ರ ತೋರಿಸಿದಳು. ಮೊದಲನೆಯದು ಗಿರ್ರನೆ ತಿರುಗುವ ಜಾಲರಿಯದು. ಕ್ಯಾರೆಟ್ಟು ಸೇಬಿಗೆ ಅಡ್ಡಿಯಿಲ್ಲ, ಹುಲ್ಲು ಹಾಕಿದರೆ ಹಸಿಹಸಿಯಾಗಿ ಹಾಗೇ ಆಚೆ ಬಂತು. ಲೋಟದಲ್ಲಿ ನಾಲ್ಕು ಹನಿ ರಸ, ಮಿಕ್ಕದ್ದೆಲ್ಲ ನೊರೆ. ಎರಡನೆಯದು ಒಂದೇ ತಿರುಪಿನದು, ನಿಧಾನಕ್ಕೆ ಅರೆದು ಹಿಂಡುವಂಥದ್ದು. ಮೂರನೆಯದು ಹಲ್ಲು ಹಲ್ಲಿನ ಎರಡು ಉಕ್ಕಿನ ಉರುಳೆಗಳದು, ಎತ್ತಲು ಇಬ್ಬರು ಬೇಕು, ಬೆಲೆ ಎರಡನೆಯದರ ಇಮ್ಮಡಿ. ಹುಡುಗಿ ಅದರಿಂದ ಬಂದ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಂಡಿ ತೋರಿಸಿದಳು, ಒಂದು ತೊಟ್ಟೂ ಬೀಳಲಿಲ್ಲ. ಈ ಎರಡೂ ಬಿಸಿಯಾಗುವುದಿಲ್ಲ, ಹಾಗಾಗಿ ರಸದ ಸತ್ವ ಸಾಯುವುದಿಲ್ಲ ಎಂದಳು. ತೊಳೆಯಲು ಎಷ್ಟು ಹೊತ್ತು ಬೇಕೆಂದು ನಾನು ಕೇಳಿದೆ. ಆಗಿಂದಾಗಲೇ ತೊಳೆಯಬೇಕು ಆಂಟಿ, ಇಲ್ಲದಿದ್ದರೆ ನಾರು ಜಾಲರಿಗೆ ಅಂಟಿ ಒಣಗಿಬಿಡುತ್ತದೆ, ಎರಡು ಉರುಳೆಯದಾದರೆ ಕಾಲು ಗಂಟೆ ಹಿಡಿಯುತ್ತದೆ ಎಂದು ಒಂದು ಬ್ರಷ್ಷು ತೋರಿಸಿದಳು. ಅಣ್ಣ ಆ ಬ್ರಷ್ಷಿನ ಕಡೆ ತಿರುಗಿಯೂ ನೋಡಲಿಲ್ಲ. ತೊಳೆಯುವವಳು ಇದ್ದಾಳಲ್ಲ.

ಅಲ್ಲಿ ಶುರುವಾದ ಜಗಳ ಮನೆಯವರೆಗೂ ಬಂತು. ಅತ್ತಿಗೆ ಸೂಕ್ ಯೀಗೆ ಎರಡು ಉರುಳೆಯದೇ ಬೇಕು, ಅಪ್ಪನಿಗೆ ಅಗ್ಗದ್ದು ಕೊಟ್ಟರು ಅಂತ ನೆಂಟರು ಆಡಿಕೊಳ್ಳಬಾರದು. ಅಣ್ಣನಿಗೆ ಒಂದು ತಿರುಪಿನದು ಸಾಕು, ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಜಿಪುಣ ಅನಿಸಿಕೊಳ್ಳುತ್ತಾನೆ. ಕೊನೆಗೆ ಅವನು ನಮ್ಮ ಚೀನೀ ಮನೆಗಳಲ್ಲಿ ಯಾವಾಗಲೂ ಮಾಡುವುದನ್ನೇ ಮಾಡಿದ. ಅಮ್ಮನ ಪಟದ ಮುಂದೆ ಊದುಕಡ್ಡಿ ಹಚ್ಚಿ, ಹೋದವರ ಉತ್ತರ ಕೇಳಲು ಎಸೆಯುವ ಅರ್ಧಚಂದ್ರದ ಆಕಾರದ ಎರಡು ಕೆಂಪು ಮರದ ಹೋಳುಗಳನ್ನು ಕೈಗೆ ತೆಗೆದುಕೊಂಡ.

ಎರಡು ಉರುಳೆಯದನ್ನು ತರಲೇ ಎಂದು ಕೇಳಿ ಹೋಳು ಎಸೆದ. ಎರಡೂ ಚಪ್ಪಟೆ ಮುಖ ಮೇಲಾಗಿ ಬಿದ್ದವು. ಅಂದರೆ ಅಮ್ಮ ನಗುತ್ತಿದ್ದಾಳೆ, ಹೂಂ ಅಂದಿಲ್ಲ. ಒಂದು ತಿರುಪಿನದನ್ನು ತರಲೇ ಎಂದು ಕೇಳಿದ. ಒಂದು ಮೇಲೆ, ಒಂದು ಕೆಳಗೆ: ಹೂಂ. ಮತ್ತೆ ಎಸೆದ, ಹೂಂ. ಮೂರನೇ ಸಲವೂ ಹೂಂ. ಅತ್ತಿಗೆ ಕೈ ಮುಗಿದಳು. ಅಣ್ಣನ ಮುಖ ಅರಳಿತು. ಮೂರು ಹೂಂ ಬಿದ್ದ ಮೇಲೆ ಅದೇ ವಿಷಯ ಮತ್ತೆ ಕೇಳುವ ಹಾಗಿಲ್ಲ, ಕೇಳಿದರೆ ಹೋದವರ ಮಾತಿಗೆ ಬೆಲೆ ಕೊಡದ ಹಾಗೆ.

ನನ್ನ ಮೇಲೆ ನನಗೇ ಸಿಟ್ಟು ಬರುವುದು ಇಲ್ಲಿ. ಅಣ್ಣನ ಪ್ರಶ್ನೆಯೇ ತಪ್ಪು ಅಂತ ನನಗೆ ಆ ಕ್ಷಣವೇ ಹೊಳೆದಿತ್ತು. ಅಮ್ಮ ಬದುಕಿದ್ದಾಗಲೂ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು, ಒಂದು ಮಾತು ಹೆಚ್ಚಿಗೆ ಆಡಿದವಳಲ್ಲ. ಬಾಯಿ ತೆರೆದೆ. ಅಮ್ಮ ಹೇಳಿಯಾಯಿತು ಖೆಂಗ್ ಎಂದು ನನ್ನ ಹೆಸರು ಹಿಡಿದು ತಡೆದ ಅಣ್ಣ. ನಾನೂ ಆ ಹೋಳುಗಳನ್ನು ನಂಬುವವಳೇ. ಅಮ್ಮನ ಪಟದ ಮುಂದೆ ಅಮ್ಮನಿಗೆ ಎದುರಾಡಿದ ಹಾಗಾಗುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡೆ. ಒಂದು ಹೆದರಿಕೆಗೆ ಎಂಟು ದಿನ ತೆತ್ತೆ.

ಯಂತ್ರ ಮನೆಗೆ ಬಂದ ಮೇಲೆ ಎಂಟು ದಿನವೂ ಅಣ್ಣನೇ ಬೆಳಿಗ್ಗೆ ಎದ್ದು ಹುಲ್ಲು ಕತ್ತರಿಸಿದ. ಸೊಪ್ಪಿನ ಎಲೆಗಳನ್ನು ಬೀಡಿಯ ಹಾಗೆ ಸುರುಳಿ ಸುತ್ತಿ ಯಂತ್ರದ ಬಾಯಿಗೆ ಇಳಿಸುತ್ತಿದ್ದ. ಅದು ಗೊರಗೊರ ಅನ್ನುತ್ತ ಕಡು ಹಸಿರು ರಸ ಬಿಡುತ್ತಿತ್ತು. ಆಮೇಲೆ ಅತ್ತಿಗೆ ಬರುತ್ತಿದ್ದಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಇಷ್ಟು ತಂಪು ಒಳ್ಳೆಯದಲ್ಲ, ಮೈಗೆ ವಾಯು ಸೇರುತ್ತದೆ ಅಂತ ಶುಂಠಿ ಜಜ್ಜಿ ಹಾಕಿ, ಲೋಟವನ್ನು ಕುದಿಯುವ ನೀರಿನಲ್ಲಿಟ್ಟು ಬಿಸಿ ಮಾಡುತ್ತಿದ್ದಳು. ರಸ ಬಿಸಿಯಾಗಬಾರದು ಅಂತಲೇ ಅಷ್ಟು ದುಡ್ಡು ಸುರಿದು ತಂದ ಯಂತ್ರ. ಈ ದಂಪತಿಗೆ ಏನು ಹೇಳುವುದು? ನಾನು ಜಾಲರಿ ತಿಕ್ಕುತ್ತಿದ್ದೆ. ನನ್ನ ಉಗುರಿನ ಸಂದಿಯ ಹಸಿರು ಸಮವಸ್ತ್ರದ ಬಿಳಿ ಬಟ್ಟೆಗೂ ಅಂಟಿತು.

ಅಪ್ಪ ಕುಡಿದರು. ನನ್ನ ಕೈಯ ಗಂಜಿಗೆ ಉಪ್ಪಿಲ್ಲ, ನನ್ನ ಕೈಯ ಸೊಪ್ಪು ನಾರು ಅಂತ ಮುಖ ತಿರುಗಿಸುವ ಅಪ್ಪ, ಆ ಕಹಿ ಹಸಿರನ್ನು ಒಂದೇ ಗುಟುಕಿಗೆ ಕುಡಿದು ಲೋಟ ಅಣ್ಣನ ಕೈಗೆ ಕೊಡುತ್ತಿದ್ದರು. ಸೊಟ್ಟ ಬಾಯಲ್ಲೇ ನಗುತ್ತಿದ್ದರು. ಮೂರನೇ ದಿನ ನಾನು ಅಣ್ಣನಿಗೆ ಮತ್ತೊಮ್ಮೆ ಹೇಳಿದೆ. ಆಸ್ಪತ್ರೆಯವರಿಗೆ ಮಾತ್ರೆ ಬಿಟ್ಟು ಬೇರೇನೂ ಗೊತ್ತಿಲ್ಲ ಎಂದ. ಅಪ್ಪನ ಮುಖದಲ್ಲಿ ಕಳೆ ಬಂದಿದೆ, ನಿನಗೆ ಹೊಟ್ಟೆಕಿಚ್ಚು ಎಂದ. ಹೊಟ್ಟೆಕಿಚ್ಚು ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಒಂಬತ್ತನೇ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಈ ಸಲ ತಾನೇ ಕರೆದುಕೊಂಡು ಹೋಗುತ್ತೇನೆ, ನೀನು ಸುಧಾರಿಸಿಕೋ ಅಂದ ಅಣ್ಣ. ಅಂಕಿ ಚೆನ್ನಾಗಿ ಬಂದರೆ ಆ ಹೆಸರು ಅವನಿಗೇ ಬರಲಿ ಅಂತ. ರಸದ ವಿಷಯ ನರ್ಸಿಗೆ ಮರೆಯದೆ ಹೇಳು ಎಂದು ಪುಸ್ತಕ ಅವನ ಕೈಗಿಟ್ಟೆ.

ಮಧ್ಯಾಹ್ನ ತಿರುಗಿ ಬಂದಾಗ ಅವನ ಮುಖ ಬಿಳಚಿಕೊಂಡಿತ್ತು. ಕೈಯಲ್ಲೊಂದು ಸೂಜಿಮದ್ದಿನ ಪೊಟ್ಟಣ. ಅಂಕಿ ಒಂದೂವರೆಗೆ ಇಳಿದಿತ್ತು. ಕವಾಟದಲ್ಲಿ ಯಾವ ಗಳಿಗೆಯಲ್ಲಾದರೂ ರಕ್ತ ಗಟ್ಟಿಯಾಗಬಹುದು, ಐದು ದಿನ ಬೆಳಿಗ್ಗೆ ಸಂಜೆ ಹೊಟ್ಟೆಗೆ ಚುಚ್ಚಬೇಕು, ಆರನೇ ದಿನ ಮತ್ತೆ ಬರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಹೊಲಿಗೆ ಯಂತ್ರ ಬಿಟ್ಟು ಎದ್ದೆ. ಅಪ್ಪನ ಬಲಗೈ ಮುಟ್ಟಿ ನೋಡಿದೆ, ಬೆರಳು ಮಡಿಸಿ ಅಂದೆ, ಮಡಿಸಿದರು. ಆಮೇಲೆ ಪುಸ್ತಕ ತೆರೆದೆ.

ಒಂದೂವರೆ ಎಂಬ ಅಂಕಿಯ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಸಾಲು. ಮಗಳು ದಿನಾ ಹಸಿರು ರಸ ಕೊಡುತ್ತಿದ್ದಾಳೆ. ಮಗಳಿಗೆ ಮತ್ತೆ ತಿಳಿಹೇಳಬೇಕು.

ಮೂರು ಸಲ ಓದಿದೆ.

"ಇದೇನಣ್ಣ?"

"ಮನೇಲಿ ಅಪ್ಪನ ಊಟ ತಿಂಡಿ ಯಾರು ನೋಡ್ಕೊಳ್ಳೋದು ಅಂತ ಕೇಳಿದ್ಲು ಆ ನರ್ಸು, ಯಾರೋ ಹೊಸಬ್ಳು. ತಂಗಿ ಅಂದೆ. ನಿಜ ತಾನೇ?"

"ಎಂಟು ದಿನ ಬೆಳಿಗ್ಗೆ ಎದ್ದು ಹುಲ್ಲು ಕತ್ತರಿಸಿದ್ದು ಯಾರು?"

"ಜನ ಎಲ್ಲಾ ನೋಡ್ತಿದ್ರು ಖೆಂಗ್. ಅಷ್ಟು ಜನದ ಮುಂದೆ ಬೈತಾ ಇದ್ಲು. ನಾನೇನು ಬೇಕಂತ ಮಾಡಿದ್ನಾ? ಅಮ್ಮನೂ ಒಪ್ಪಿದ್ರಲ್ಲ."

"ಯಾವ ಮೆಷಿನ್ ತರ್ಲಿ ಅಂತ ತಾನೇ ನೀನು ಅಮ್ಮನ್ನ ಕೇಳಿದ್ದು? ಅಪ್ಪ ಇದನ್ನ ಕುಡೀಬಹುದಾ ಅಂತ ಒಂದ್ಸಲ ಕೇಳಿದ್ಯಾ? ಕೇಳಿದ್ರೆ ಬೇಡ ಅಂದ್ಬಿಡ್ತಾಳೆ ಅಂತ ಭಯ ನಿಂಗೆ. ಅಮ್ಮನ ಬೆನ್ನ ಹಿಂದೆ ಬಚ್ಚಿಟ್ಕೊಂಡೆ, ಇವತ್ತು ನನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡೆ. ಐವತ್ತೆಂಟು ವರ್ಷ ಆಯ್ತು, ನಾಚಿಕೆ ಆಗಲ್ವಾ?"

ಅತ್ತಿಗೆ ಮೆಲ್ಲಗೆ ಅಡುಗೆಮನೆಗೆ ಜಾರಿಕೊಂಡಳು. ಆಗ ಅಪ್ಪ ಮಾತಾಡಿದರು. ಅಪ್ಪನ ನಾಲಿಗೆ ತೊದಲುತ್ತದೆ, ಹೊರಗಿನವರಿಗೆ ಅರ್ಥವಾಗುವುದಿಲ್ಲ, ನನಗೆ ಒಂದಕ್ಷರವೂ ತಪ್ಪುವುದಿಲ್ಲ.

"ಅವನನ್ನ ಬೈಬೇಡ. ನಂಗೆ ಗೊತ್ತಿತ್ತು, ಕುಡೀಬಾರ್ದು ಅಂತ. ಮೂರು ವರ್ಷದಿಂದ ನರ್ಸು ಹೇಳೋದು ನಾನೂ ಕೇಳಿಸ್ಕೊಂಡಿಲ್ವಾ? ಮಗ ಕೈಯಾರೆ ಮಾಡ್ಕೊಟ್ಟ. ಹೆಂಗೆ ಬೇಡ ಅನ್ನೋದು?"

ಆ ಮಾತು ಕೇಳಿದ ಮೇಲೆ ಅಣ್ಣನ ಮೇಲಿನ ಸಿಟ್ಟು ಏನೇನೂ ಅಲ್ಲ ಅನಿಸಿತು. ಮೂರು ವರ್ಷ ನಾನು ಅಳೆದು ಹಾಕಿದ ಒಂದೊಂದು ಹಿಡಿಯೂ ಕೈಯಾರೆಯೇ. ಮಲ ಬಳಿದದ್ದು ಕೈಯಾರೆ. ನನ್ನ ಮದುವೆಯ ಮಾತು ಬಂದಾಗ ನಾನು ಬೇಡ ಎಂದದ್ದು ಮಾತ್ರ ಬಾಯಾರೆ. ಸತ್ತರೂ ಪರವಾಗಿಲ್ಲ ಅಂತ ಅಪ್ಪ ಕುಡಿದರು, ಮಗನಿಗೆ ಬೇಸರವಾಗಬಾರದು ಅಂತ. ನಾನು ಬೇಸರಪಟ್ಟರೆ ಗಂಜಿಯ ಬಟ್ಟಲು ಪಕ್ಕಕ್ಕೆ ತಳ್ಳುತ್ತಾರೆ. ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆನೇ? ಇಲ್ಲ. ಪೊಟ್ಟಣ ಬಿಚ್ಚಿ ಒಂದು ಸೂಜಿ ತೆಗೆದು ಅಣ್ಣನ ಕೈಯಲ್ಲಿಟ್ಟೆ. ನರ್ಸು ತೋರಿಸಿಕೊಟ್ಟದ್ದು ನಿನಗೆ, ಟಿಕೆಟ್ ಮುಂದಕ್ಕೆ ಹಾಕಿಸು, ಐದು ದಿನ ನೀನೇ ಚುಚ್ಚು ಅಂದೆ. ನನ್ನ ಕೈ ನಡುಗುತ್ತದೆ ಅಂದ. ನಡುಗಲಿ ಅಂದೆ.

ಅಪ್ಪ ಬಲಗೈಯಿಂದ ತಾವೇ ಅಂಗಿ ಮೇಲೆತ್ತಿಕೊಂಡರು. ಸ್ನಾನಕ್ಕೆ ಅಂಗಿ ಬಿಚ್ಚಿ ಅಂತ ನಾನು ದಿನಾ ಕಾಲು ಗಂಟೆ ಗೋಗರೆಯುತ್ತೇನೆ.

ಐದು ದಿನವೂ ಅಣ್ಣನೇ ಚುಚ್ಚಿದ. ಹೊಟ್ಟೆಯೆಲ್ಲ ನೀಲಿಗಟ್ಟಿತು. ಸೊಪ್ಪು ಮತ್ತೆ ನನ್ನ ಒಂದು ಹಿಡಿಗೆ ಬಂತು. ಆರನೇ ದಿನ ಬೆಳಿಗ್ಗೆ ಅಣ್ಣ ಅತ್ತಿಗೆ ಸಿಂಗಪುರದ ಬಸ್ಸು ಹತ್ತಿದರು, ನಾನು ಅಪ್ಪನನ್ನು ಆಸ್ಪತ್ರೆಗೆ ತಳ್ಳಿಕೊಂಡು ಹೋದೆ. ಅಂಕಿ ಎರಡೂಮುಕ್ಕಾಲಕ್ಕೆ ಏರಿತ್ತು. ಅಪ್ಪ ಉಳಿದರು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ.

ಅದೇ ಹೊಸ ನರ್ಸು ಇದ್ದಳು. ಸೂಜಿ ಯಾರು ಹಾಕಿದರೆಂದು ಕೇಳಿದಳು. ಅಪ್ಪ ಎದೆ ತಟ್ಟಿಕೊಂಡು ಅದೇನೋ ತೊದಲಿದರು. ಅವಳಿಗೆ ತಿಳಿಯಲಿಲ್ಲ, ನನ್ನ ಕಡೆ ನೋಡಿದಳು. "ನನ್ನ ಮಗ ಅಂತಿದ್ದಾರೆ" ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ಒಳ್ಳೆಯ ಮಗ ಎಂದಳು ಅವಳು. ಆಮೇಲೆ ದನಿ ಗಟ್ಟಿ ಮಾಡಿ, ನೀವೇ ಮಗಳು ಅಲ್ವಾ, ಇನ್ನು ಮೇಲೆ ಆ ರಸ ಗಿಸ ಕೊಟ್ಟು ಇವರ ಜೀವ ತೆಗೀಬೇಡಿ ಎಂದಳು. ಹಿಂದಿನ ಬೆಂಚಿನವರೆಲ್ಲ ನನ್ನನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ. ಒಂದು ಮಾತು ಸಾಕಿತ್ತು, ತೊದಲಿದ್ದರೂ ಸಾಕಿತ್ತು. ಅಪ್ಪ ಕಿಟಕಿಯಾಚೆ ನೋಡತೊಡಗಿದರು.

ಅವಳ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡೆ. ಪುಸ್ತಕದ ಹಿಂದಿನ ಪುಟ ತಿರುವಿ, ಎರಡು ಸಾಲಿನಲ್ಲಿಯೂ 'ಮಗಳು' ಎಂದಿದ್ದನ್ನು ಹೊಡೆದುಹಾಕಿ ಮೇಲೆ 'ಮಗ' ಎಂದು ಬರೆದೆ. ಪಕ್ಕದಲ್ಲಿ ಅಣ್ಣನ ಪೂರ್ತಿ ಹೆಸರನ್ನೂ ಸಿಂಗಪುರದ ಫೋನ್ ನಂಬರನ್ನೂ ಬರೆದೆ. ಇದು ಆಸ್ಪತ್ರೆಯ ಪುಸ್ತಕ, ಇದರಲ್ಲಿ ನೀವು ಬರೆಯುವ ಹಾಗಿಲ್ಲ ಎಂದು ನರ್ಸು ಕೈ ಚಾಚಿದಳು.

"ಬರೆದಾಯ್ತು ಸಿಸ್ಟರ್" ಅಂದೆ. "ತಿಳಿಹೇಳೋದಿದ್ರೆ ಈ ನಂಬರಿಗೆ ಫೋನ್ ಮಾಡಿ ಹೇಳಿ."