ಪೆಟ್ಟಿಗೆಯ ಹಣೆಯ ಮೇಲಿನ ಬೊಟ್ಟು

ಈ ಕಥೆ ಹೇಳುವ ಅಧಿಕಾರ ನನಗಿಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪೆಟ್ಟಿಗೆಯನ್ನು ರೂಪಿಸಿದವಳು ನಾನಲ್ಲ. ಗಂಡನನ್ನು ಕಳೆದುಕೊಂಡವಳೂ ನಾನಲ್ಲ. ಸಂಜೆ ತರಗತಿಯಲ್ಲಿ ಓದಿ, ಥಾಯ್ಲೆಂಡಿನ ಸಮುತ್ ಪ್ರಾಕಾನ್‌ನ ಒಂದು ಸಣ್ಣ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಪರೀಕ್ಷೆಯ ಕೆಲಸಕ್ಕೆ ಸೇರಿದವಳು ನಾನು. ಬರೆಯುತ್ತೇನೆಂದು, ಪೆಟ್ಟಿಗೆ ರೂಪಿಸಿದ ಥವೀ ಅಣ್ಣನ ಒಪ್ಪಿಗೆಯನ್ನೂ ಕೇಳಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು.

ನಮ್ಮ ಶೆಡ್ಡಿನಲ್ಲಿ, ಯಂತ್ರಗಳನ್ನಿಡುವ ಪೆಟ್ಟಿಗೆಯೊಳಗೆ ಧೂಳು, ನೀರು ಹೋಗುತ್ತದೆಯೇ ಎಂದು ನೋಡುತ್ತೇವೆ. ಗಾಜಿನ ಕಪಾಟಿನಲ್ಲಿಟ್ಟು ಟಾಲ್ಕಂ ಪುಡಿ ಎಬ್ಬಿಸುತ್ತೇವೆ, ಪೈಪಿನಿಂದ ನೀರು ಹೊಡೆಯುತ್ತೇವೆ, ತೊಟ್ಟಿಯಲ್ಲಿ ಮುಳುಗಿಸುತ್ತೇವೆ. ಆಮೇಲೆ ಬಿಚ್ಚಿ, ಒಳಗಿಟ್ಟ ತೆಳು ಕಾಗದ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತೇವೆ. ಪುಡಿಯ ಕಪಾಟು ತೆರೆದ ದಿನ ನಾನು ಊಟಕ್ಕೆ ಹೋದರೆ ನೂಡಲ್ಸ್ ಮಾರುವವಳು, "ಏನೇ ನಿಟ್, ಸೊಂಕ್ರಾನ್ ಹಬ್ಬ ನಿನಗೊಬ್ಬಳಿಗೇ ಬಂದುಬಿಡ್ತಾ?" ಎನ್ನುತ್ತಾಳೆ. ಹೊಸ ವರ್ಷದ ಆ ಹಬ್ಬದಲ್ಲಿ ನಾವು ಒಬ್ಬರಿಗೊಬ್ಬರು ನೀರೆರಚಿ ಮುಖಕ್ಕೆ ಬಿಳಿ ಪುಡಿ ಬಳಿಯುತ್ತೇವೆ.

ಥವೀ ಅಣ್ಣ ಆ ವರ್ಷ ಮೀನುದೋಣಿಗಳಿಗೆಂದು ಒಂದು ಪೆಟ್ಟಿಗೆ ರೂಪಿಸಿದರು. ದೋಣಿ ಅಪಾಯಕ್ಕೆ ಸಿಕ್ಕಾಗ ಅದರ ಗುಂಡಿ ಒತ್ತಿದರೆ ಒಳಗಿನ ಯಂತ್ರ ದಡದ ಕೇಂದ್ರಕ್ಕೆ ಸಂಕೇತ ಕಳಿಸಬೇಕು. ಪೆಟ್ಟಿಗೆಯ ಮುಖದ ನಡುವೆ ಒಂದು ಸಣ್ಣ ರಂಧ್ರ, ಅದಕ್ಕೆ ಬಿಳಿ ಪೊರೆ. ಆ ಪೊರೆಯಲ್ಲಿ ಗಾಳಿ ಹಾಯುತ್ತದೆ, ನೀರು ಹಾಯುವುದಿಲ್ಲ. ಬಿಸಿ ಸಾರಿನ ಪಾತ್ರೆಗೆ ಬಿಗಿಯಾಗಿ ಮುಚ್ಚಳ ಹಾಕಿಟ್ಟರೆ ತಣಿದ ಮೇಲೆ ಮುಚ್ಚಳ ಕಚ್ಚಿಕೊಳ್ಳುವುದನ್ನು ನೀವು ನೋಡಿರಬಹುದು. ಬಿಸಿಲಲ್ಲಿ ಕಾದ ಪೆಟ್ಟಿಗೆಯ ಮೇಲೆ ಅಲೆ ಬಿದ್ದಾಗಲೂ ಒಳಗಿನ ಗಾಳಿ ತಣಿದು ಹಾಗೆಯೇ ಎಳೆಯುತ್ತದೆ. ರಂಧ್ರದ ಮೂಲಕ ಉಸಿರು ಸಿಕ್ಕರೆ ಸರಿ. ಸಿಗದಿದ್ದರೆ ಅಂಚಿನ ರಬ್ಬರಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ.

ಎಲ್ಲ ಪರೀಕ್ಷೆಗಳಲ್ಲೂ ಪೆಟ್ಟಿಗೆ ಗೆದ್ದಿತು. ಮೊದಲನೆಯದನ್ನು ಥವೀ ಅಣ್ಣ ಕರಾವಳಿಯ ರಯೋಂಗ್‌ನಲ್ಲಿದ್ದ ತಮ್ಮ ಭಾವ ಜರೂನ್‌ಗೆ ಕೊಟ್ಟರು. ಜರೂನ್ ಹೊಸ ದೋಣಿ ಇಳಿಸುವ ದಿನ ಶೆಡ್ಡಿನವರನ್ನೆಲ್ಲ ಊಟಕ್ಕೆ ಕರೆದಿದ್ದರು, ನಾನೂ ಹೋಗಿದ್ದೆ.

ದೋಣಿಯ ಮೂತಿಗೆ ಬಣ್ಣದ ಬಟ್ಟೆ, ಹೂಮಾಲೆ ಕಟ್ಟಿದ್ದರು. ಹಿರಿಯ ಭಿಕ್ಷುಗಳು ಮಂತ್ರ ಹೇಳಿ, ಬಿಳಿ ಗಂಧದ ಲೇಪದಲ್ಲಿ ಬೆರಳದ್ದಿ ಚುಕ್ಕಾಣಿಗೆ, ಇಂಜಿನ್ನಿಗೆ ಬೊಟ್ಟಿಟ್ಟು ಚಿನ್ನದ ರೇಕು ಒತ್ತುತ್ತಾ ಬಂದರು.

"ಗುರುಗಳೇ, ಇದಕ್ಕೂ ಒಂದಿಡಿ," ಎಂದರು ಜರೂನ್, ಕ್ಯಾಬಿನ್ನಿನ ಹೊರಗೋಡೆಯ ಮೇಲಿದ್ದ ಪೆಟ್ಟಿಗೆ ತೋರಿಸಿ. "ಇದು ನನ್ನ ಮೈದುನನ ಕೂಸು. ಮಾತಾಡತ್ತಂತೆ, ಇನ್ನೂ ಬಾಯಿ ಬಿಟ್ಟಿಲ್ಲ."

ಎಲ್ಲರೂ ನಕ್ಕರು. ಗುರುಗಳು ಪೆಟ್ಟಿಗೆಯ ಮುಖ ನೋಡಿದರು. ನಡುವೆ ದುಂಡಗೆ, ಬೆಳ್ಳಗೆ, ಬೊಟ್ಟಿಗೆಂದೇ ಬಿಟ್ಟ ಜಾಗದಂತೆ ಆ ಪೊರೆ ಕಾಣುತ್ತಿತ್ತು. ಅಲ್ಲಿಯೇ ಲೇಪ ಹಚ್ಚಿ ಚಿನ್ನದ ರೇಕನ್ನು ಹೆಬ್ಬೆರಳಿನಿಂದ ತಿಕ್ಕಿ ಕೂರಿಸಿದರು. ಥವೀ ಅಣ್ಣನ ಕೈ ತಡೆಯುವಂತೆ ಮೇಲೆದ್ದಿತು. ಎದ್ದ ಕೈಗೆ ಇನ್ನೊಂದು ಕೈ ಸೇರಿಸಿ ಅವರು ನಮಸ್ಕಾರ ಮಾಡಿದರು.

ವಾಪಸು ಬರುವಾಗ ವ್ಯಾನಿನಲ್ಲಿ ಅವರೇ ಮಾತು ತೆಗೆದರು. "ರಂಧ್ರ ಮುಚ್ಚಿಹೋಯ್ತು, ನೋಡಿದ್ಯಾ?"

"ಒರೆಸಿದ್ರೆ ಆಯ್ತಲ್ಲ ಅಣ್ಣ."

"ಗುರುಗಳು ಇಟ್ಟಿದ್ದನ್ನ ಯಾರು ಒರೆಸ್ತಾರೆ? ನಮ್ಮ ಪೆಟ್ಟಿಗೆ ಅಚ್ಚು ಹೊಯ್ಯೋ ಯಂತ್ರದ ಮೇಲಿರೋ ಬೊಟ್ಟನ್ನ ನೀನು ಒರೆಸ್ತೀಯಾ?"

ಆ ಬೊಟ್ಟಿನ ಕೆಳಗೇ ನಾವು ದಿನವೂ ಕೆಲಸ ಮಾಡುತ್ತಿದ್ದೆವು. ಉಪ್ಪು, ಡೀಸೆಲ್, ಮೀನಿನ ಹುರುಪೆ ಎಲ್ಲವನ್ನೂ ಲೆಕ್ಕ ಹಾಕಿದ್ದ ನಮಗೆ ಬೊಟ್ಟೊಂದು ಮಾತ್ರ ಹೊಳೆದಿರಲಿಲ್ಲ.

ಮರುದಿನ ದೇವಾಲಯದ ಅಂಗಡಿಯಿಂದ ಅದೇ ಲೇಪ, ಅದೇ ರೇಕು ತಂದೆವು. ಪರೀಕ್ಷೆಯ ಎರಡು ಪೆಟ್ಟಿಗೆಗಳಿಗೆ ಹಚ್ಚುವಾಗ ನಾನು ಮನಸ್ಸಿನಲ್ಲೇ ತಪ್ಪಾಯಿತು ಎಂದುಕೊಂಡೆ. ಒಲೆಯಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದೆವು. ಮೊದಲನೆಯದರ ಕಾಗದ ಒಣಗಿಯೇ ಇತ್ತು. ಎರಡನೆಯದರ ಕಾಗದ ಒಂದು ಮೂಲೆಯಲ್ಲಿ ಒದ್ದೆಯಾಗಿತ್ತು.

ಥವೀ ಅಣ್ಣ ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದರು. ಕೈ ಒದ್ದೆಯಿದ್ದುದರಿಂದ ಫೋನನ್ನು ಮೇಜಿನ ಮೇಲಿಟ್ಟು ಮಾತಾಡಿದರು, ನನಗೂ ಕೇಳುತ್ತಿತ್ತು.

"ಏನಪ್ಪಾ, ನಿನ್ನ ಪೆಟ್ಟಿಗೆಗೆ ಮೂಗು ಕಟ್ಟಿದ್ಯಾ?" ಜರೂನ್ ನಕ್ಕರು. "ನಿಮ್ಮಕ್ಕನಿಗೆ ಹೇಳ್ಬೇಡ ಮಾರಾಯ, ಅದರ ಮೂಗಿಗೂ ಮೆಂಥಾಲ್ ಹಿಡೀತಾಳೆ."

"ತಮಾಷೆ ಅಲ್ಲ ಭಾವ. ಆ ಬೊಟ್ಟು ಕೆರೆದುಬಿಡಿ."

"ಅದು ನನ್ನ ಕೈಲಾಗಲ್ಲ. ಹುಡುಗರು ನೋಡಿದ್ರೆ ಒಬ್ಬನೂ ದೋಣಿ ಹತ್ತಲ್ಲ. ಗುರುಗಳನ್ನೇ ಕೇಳ್ತೀನಿ, ಅವರೇ ಬೇರೆ ಕಡೆ ಇಟ್ಟುಕೊಡ್ಲಿ."

"ಕಡಲಿಗೆ ಹೋಗೋ ಮುಂಚೆ ಕೇಳಿ."

"ಆಯ್ತು ಆಯ್ತು. ಊಟ ಮಾಡಿದ್ಯಾ ನೀನು?"

ಮುಂದಿನ ವಾರ ಕೊಲ್ಲಿಯಲ್ಲಿ ಗಾಳಿ ಎದ್ದಿತು. ಜರೂನ್ ದೋಣಿ ಮಗುಚಿತು. ಕೂಲಿಗಿದ್ದ ಕಾಂಬೋಡಿಯಾದ ಆಳು ಸೊಖೊಮ್ ಒಬ್ಬನನ್ನು ಮಾತ್ರ ಬೇರೆ ದೋಣಿಯವರು ಎತ್ತಿದರು. ಯಜಮಾನರು ಪೆಟ್ಟಿಗೆಯ ಗುಂಡಿ ಒತ್ತಿದ್ದನ್ನು ತಾನು ಕಂಡೆನೆಂದು ಅವನು ಹೇಳಿದ. ದಡದ ಕೇಂದ್ರಕ್ಕೆ ಯಾವ ಸಂಕೇತವೂ ತಲುಪಿರಲಿಲ್ಲ. ಜರೂನ್ ದೇಹ ಸಿಗಲಿಲ್ಲ, ದೋಣಿಯೂ ಸಿಗಲಿಲ್ಲ.

ಕೆಲವು ವಾರಗಳ ನಂತರ ಅವರ ಹೆಂಡತಿ ಲಮ್ಯೈ ನಮ್ಮ ಶೆಡ್ಡಿಗೆ ಬಂದರು. ಕಪ್ಪು ಅಂಗಿ ತೊಟ್ಟಿದ್ದರು. ಕೂರಿ ಎಂದರೂ ಕೂರಲಿಲ್ಲ. ತೊಟ್ಟಿ, ಪೈಪು, ಪುಡಿಯ ಕಪಾಟು ಎಲ್ಲವನ್ನೂ ನೋಡಿ ತಮ್ಮನ ಕಡೆ ತಿರುಗಿದರು.

"ಇಷ್ಟೆಲ್ಲ ಇಟ್ಕೊಂಡಿದ್ದೀಯ. ಮತ್ಯಾಕೋ ಅದು ಕೂಗಲಿಲ್ಲ?"

ಥವೀ ಅಣ್ಣ ತೊಟ್ಟಿಯ ನಲ್ಲಿ ನಿಲ್ಲಿಸಿದರು.

"ಗುರುಗಳ ಬೊಟ್ಟೂ ಇತ್ತು. ನಾನೇ ಹೇಳಿದ್ದೆ ಇವರಿಗೆ, ತಮ್ಮನ ಪೆಟ್ಟಿಗೆಗೆ ಮೊದಲು ಹಾಕಿಸಿ ಅಂತ. ಅದಕ್ಕೂ ಕಾಯೋಕಾಗಲಿಲ್ವಾ?"

ಬೊಟ್ಟಿನ ವಿಷಯ ಹೇಳಲು ನಾನು ಬಾಯಿ ತೆರೆಯುವುದರಲ್ಲಿದ್ದೆ. ಥವೀ ಅಣ್ಣ ಒಮ್ಮೆ ನನ್ನತ್ತ ನೋಡಿದರು.

"ಬೊಟ್ಟಿನದು ಏನೂ ಇಲ್ಲ ಅಕ್ಕ," ಎಂದರು. "ಪೆಟ್ಟಿಗೆ ನನ್ನದು. ನಾನು ಸರಿಯಾಗಿ ಮಾಡಲಿಲ್ಲ."

"ಪರೀಕ್ಷೆ ಮಾಡಿದ್ದೀನಿ ಅಂದಿದ್ದೆ."

"ಮಾಡಿದ್ದೆ. ಸಾಲಲಿಲ್ಲ."

ಲಮ್ಯೈ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅಂದಿನಿಂದ ತಮ್ಮನ ಜೊತೆ ಮಾತಿಲ್ಲ. ಥವೀ ಅಣ್ಣ ಪ್ರತಿ ಸೊಂಕ್ರಾನ್ ಹಬ್ಬಕ್ಕೂ ರಯೋಂಗ್‌ಗೆ ಹೋಗಿ, ಅಕ್ಕನ ಕೈಗೆ ಹೂನೀರು ಹಾಕಿ ಆಶೀರ್ವಾದ ಬೇಡಲು ಬಾಗಿಲಲ್ಲಿ ಕಾದು ಬರುತ್ತಾರೆ. ಬಾಗಿಲು ತೆಗೆಯುವುದಿಲ್ಲವಂತೆ. ಹೊಸ ಪೆಟ್ಟಿಗೆಗಳಲ್ಲಿ ರಂಧ್ರ ತಳಭಾಗಕ್ಕೆ ಹೋಗಿದೆ. ಯಾಕೆಂದು ಕೇಳಿದವರಿಗೆ ಅವರು ನೋಡಲು ಚೆನ್ನಾಗಿರಲಿ ಎಂದಷ್ಟೇ ಹೇಳುತ್ತಾರೆ.

ಬೊಟ್ಟಿನದು ಏನೂ ಇಲ್ಲ ಎಂದು ಅಕ್ಕನಿಗೆ ಅಂದಾಗ ಅವರು ಸುಳ್ಳು ಹೇಳಿದರೋ ನಿಜ ಹೇಳಿದರೋ ನನಗೆ ಗೊತ್ತಿಲ್ಲ. ಜರೂನ್ ಹೊರಡುವ ಮುಂಚೆ ಗುರುಗಳ ಹತ್ತಿರ ಹೋಗಿದ್ದರೇ ಎಂದು ವಿಚಾರಿಸಿದೆ. ಗುರುಗಳಿಗೆ ನೆನಪಿರಲಿಲ್ಲ. ಆ ಪೆಟ್ಟಿಗೆಯೊಳಗೆ ನೀರು ದೋಣಿ ಮಗುಚುವ ಮೊದಲೇ ಸೇರಿತ್ತೋ, ಸೇರಿರಲೇ ಇಲ್ಲವೋ, ಯಂತ್ರವೇ ಬೇರೆ ಕಾರಣಕ್ಕೆ ಸುಮ್ಮನಾಯಿತೋ, ಅದೂ ನನಗೆ ಗೊತ್ತಿಲ್ಲ.