ಪಾರ್ಕಿನ ಸೊಸೆ

ನಮ್ಮ ಪಂಚಾಯತಿಯಲ್ಲಿ ಪ್ರತಿ ವರ್ಷ ವನಮಹೋತ್ಸವ ಆಗುತ್ತಿತ್ತು, ಅದರ ಬೆನ್ನಿಗೇ ಊರ ಆಡುಗಳಿಗೆ ಹಬ್ಬವಾಗುತ್ತಿತ್ತು. ಕೆರೆ ಏರಿಯ ಕೆಳಗಿನ ಬಯಲಿಗೆ ‘ಪಾರ್ಕು’ ಎಂದು ಬೋರ್ಡು ಹಾಕಿದ್ದೆವು. ಸಸಿ ನೆಡುವುದು, ಭಾಷಣ ಕೇಳುವುದು, ಮಂಡಕ್ಕಿ ತಿಂದು ಮನೆಗೆ ಹೋಗುವುದು. ಬೇಸಿಗೆಯ ಹೊತ್ತಿಗೆ ಬೋರ್ಡು ಒಂದೇ ಉಳಿಯುತ್ತಿತ್ತು. ಆಂಧ್ರಕ್ಕೆ ಕರ್ನೂಲೇ ರಾಜಧಾನಿಯಾಗಿದ್ದ ಕಾಲ ಅದು. ವರ್ಷದ ಪ್ರಗತಿ ನೋಡಲು ಅಲ್ಲಿಂದ ಸಾಹೇಬರು ಬಂದಾಗ ಆ ಬೋರ್ಡನ್ನು ತೋರಿಸಿ ಹಲ್ಲು ಕಿರಿಯುವ ಕೆಲಸ ಗುಮಾಸ್ತನಾದ ನನ್ನದು. ಯಾರಿಗೆ ಹೇಳಲಿ, ನನ್ನ ಹಣೆಬರಹ.

ಕೊನೆಗೆ ಪ್ರೆಸಿಡೆಂಟ್ ಭೀಮಲಿಂಗಪ್ಪನವರಿಗೆ ಒಂದು ಉಪಾಯ ಹೊಳೆಯಿತು.

“ಗಿಡಕ್ಕ ನೀರು ಹಾಕ್ರಿ ಅಂದ್ರ ಒಬ್ರೂ ಹಾಕಂಗಿಲ್ಲ. ಅದ ಗಿಡ ಬೀಗರದು ಅಂದ್ರ ನಾ ಮುಂದು ತಾ ಮುಂದು ಅಂತಾರ. ಮದಿವಿ ಮಾಡಿಬಿಡೋಣ” ಎಂದರು.

ಪಾರ್ಕಿನ ನಡುವೆ ಒಂದೇ ಗುಂಡಿಯಲ್ಲಿ ಅರಳಿ ಸಸಿ, ಬೇವಿನ ಸಸಿ ನೆಟ್ಟೆವು. ಆಷಾಢದಲ್ಲಿ ಮದುವೆ ಮಾಡಬಾರದಲ್ಲ, ನಾಗರ ಪಂಚಮಿ ಕಳೆದ ಮೇಲೆ ಮುಹೂರ್ತ ಇಟ್ಟರು. ಬಾಸಿಂಗ ಆದವಾನಿಯಿಂದ ಬಂತು. ವರ ಅರಳಿ, ಅವನ ಕಡೆಯವರು ಕೆಳಗಿನ ಓಣಿಯವರು. ಯಜಮಾನಿಕೆ ಮಾರೆಣ್ಣ ಮತ್ತು ಅವನ ಹೆಂಡತಿ ಭೀಮಕ್ಕನದು. ವಧು ಬೇವು, ಮೇಲಿನ ಓಣಿಯ ಮಗಳು. ಧಾರೆ ಎರೆದವರು ಕೆಂಚಣ್ಣ, ಶಂಕರಮ್ಮ. ಈ ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಧಾರೆಯ ನೀರು ಬಿಡುವಾಗ ಶಂಕರಮ್ಮ ಅತ್ತಳು. ಗಿಡದ ಮದುವೆಗೆ ಅಳುವುದೇ ಎಂದು ನಾನು ನಕ್ಕೆ. ನನ್ನ ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ನಗು ಗಂಟಲಲ್ಲೇ ನಿಂತಿತು.

ಉಪಾಯ ಫಲಿಸಿತು ನೋಡಿ. ಶಂಕರಮ್ಮ ದಿನಾ ಮುಂಜಾನೆ ದೂರದ ಬಾವಿಯಿಂದ ಕೊಡ ಹೊತ್ತು ತಂದು ಮಗಳಿಗೆ ಹಾಕತೊಡಗಿದಳು. ಭೀಮಕ್ಕನಿಗೆ ಮೈ ಉರಿಯಿತು. “ನಮ್ಮ ಸೊಸಿಗೆ ನೀರಿಗೂ ಗತಿ ಇಲ್ಲೇನು?” ಎಂದು ಸಂಜೆ ತಾನೂ ಹೊತ್ತಳು. ಅವಳ ಹಿಂದೆ ಇಡೀ ಓಣಿ ಬಂತು. ಉಳಿದ ಸಸಿಗಳು ಮದುವೆಗೆ ಬಂದ ನೆಂಟರಾದವು. ನೆಂಟರನ್ನು ಬಾಯಾರಿಸಿ ಕೂರಿಸಲಾದೀತೆ? ಆಡಿನವರು ಆ ದಿಕ್ಕಿಗೆ ತಲೆ ಹಾಕಲಿಲ್ಲ. ಬೇಸಿಗೆ ಕಳೆದರೂ ಪಾರ್ಕು ಹಸಿರಾಗಿತ್ತು. ನನಗಂತೂ ನಂಬಿಕೆಯೇ ಬರಲಿಲ್ಲ.

ಮತ್ತೆ ಆಷಾಢ ಬಂತು. ಶಂಕರಮ್ಮ ಹೊಸ ರಾಗ ತೆಗೆದಳು.

“ಮದಿವಿ ಆದ ಮ್ಯಾಲೆ ಮೊದಲನೇ ಪಂಚಮಿ. ಮಗಳನ್ನ ತವರಿಗೆ ಕರಕೊಂಡು ಹೋಗಬೇಕಲ್ಲ?”

“ಬೇರು ಕಿತ್ತು ಒಯ್ತೀಯೇನು? ಕಳಸಂಗಿಲ್ಲ” ಎಂದಳು ಭೀಮಕ್ಕ. ಅಂದಿನಿಂದ ಬೀಗಿತಿಯರಿಬ್ಬರೂ ಮಾತು ಬಿಟ್ಟರು.

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಸಾಹೇಬರು ಪಾರ್ಕು ಸುತ್ತಿ ಬಹಳ ಸಂತೋಷಪಟ್ಟರು. ನೀವು ಕೇಳುತ್ತಿದ್ದ ಬಾವಿಯನ್ನು ಇಲ್ಲಿಗೇ ಮಂಜೂರು ಮಾಡಿಸುತ್ತೇನೆ ಎಂದರು. ಭೀಮಲಿಂಗಪ್ಪನವರ ಮುಖ ಅರಳಿತು. ಆಮೇಲೆ ಸಾಹೇಬರು ಜೋಡಿ ಗಿಡದ ಹತ್ತಿರ ನಿಂತು ಹುಬ್ಬು ಗಂಟಿಕ್ಕಿದರು.

“ರೆಂಡುಲೋ ಒಕಟಿ ತೀಸೆಯ್ಯಂಡಿ” ಎಂದರು. ಎರಡರಲ್ಲಿ ಒಂದನ್ನು ತೆಗೆಯಬೇಕಂತೆ. ಒಂದೇ ಗುಂಡಿಯಲ್ಲಿ ಎರಡು ಮರ ನಿಯಮಕ್ಕೆ ವಿರುದ್ಧ, ಹಾಗೆ ಬಿಟ್ಟರೆ ಬಾವಿಗೆ ಸಹಿ ಹಾಕಲಾರರಂತೆ.

ಅರಳಿಯನ್ನು ತೆಗೆದು ಕೆಂಚಣ್ಣನ ಹಿತ್ತಲಿಗೆ ಹಾಕೋಣವೆಂದರೆ ಮಾರೆಣ್ಣ ಮೀಸೆ ತಿರುವಿದ. “ನಮ್ಮ ಹುಡುಗ ಮನಿಅಳಿಯ ಆಗಾಂವ ಅಲ್ರಿ.” ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಭೀಮಲಿಂಗಪ್ಪನವರು ಮಾತ್ರ ಶಂಕರಮ್ಮನ ಕಡೆ ತಿರುಗಿದರು.

“ತಂಗಿ, ನೀನ ಕೇಳಿದ್ದಿಯಲ್ಲ? ಬೇವಿನ ಗಿಡ ನಿನ್ನ ಹಿತ್ತಲಕ್ಕ ಒಯ್ದು ಹಚ್ಚು. ನಿನಗ ಮಗಳು, ಊರಿಗೆ ಬಾವಿ.”

ಎಲ್ಲರೂ ಅವಳನ್ನೇ ನೋಡಿದರು. ಅವಳಿಗೆ ಆಸೆ ಇತ್ತು, ಅದು ನನಗೆ ಕಾಣುತ್ತಿತ್ತು. ಕೈ ಆಗಲೇ ಎಳೆಯ ಕಾಂಡದ ಮೇಲಿತ್ತು. ಒಪ್ಪಿಬಿಡು ತಾಯಿ, ಬಾವಿ ಬರಲಿ ಎಂದು ನಾನೂ ಮನಸ್ಸಿನಲ್ಲೇ ಅಂದುಕೊಂಡೆ.

“ಹಬ್ಬ ಮುಗದ ಮ್ಯಾಲೆ ತಿರುಗಿ ಇಲ್ಲೇ ತಂದು ಹಚ್ಚಬಹುದೇನ್ರಿ?” ಎಂದು ಕೇಳಿದಳು.

“ಇಲ್ಲಮ್ಮ, ಮತ್ತೆ ತರುವ ಹಾಗಿಲ್ಲ” ಎಂದರು ಸಾಹೇಬರು, ಈ ಸಲ ಕನ್ನಡದಲ್ಲೇ.

ಶಂಕರಮ್ಮ ಕಾಂಡದ ಮೇಲಿನ ಕೈ ತೆಗೆದಳು.

“ಹಂಗಾದ್ರ ಬ್ಯಾಡ್ರಿ. ತಿರುಗಿ ಹೋಗೋದು ಇದ್ರ ಅದು ಪಂಚಮಿ. ಮಗಳು ಗಂಡನ ಮನಿ ಬಿಟ್ಟು ಬಂದು ನನ್ನ ಹಿತ್ತಲದಾಗ ನಿಂತ್ರ, ದಿನಾ ಹೆಂಗ ನೋಡ್ಲಿ? ನನಗ ಆಕಿ ಬೇಕ್ರಿ, ಭಾಳ ಬೇಕು. ಆದ್ರ ಹಿಂಗಲ್ಲ.”

ನನಗೆ ನನ್ನ ಮೇಲೇ ನಾಚಿಕೆಯಾಯಿತು. ಭೀಮಕ್ಕ ಸರಸರನೆ ಬಂದು ಬೀಗಿತಿಯ ಪಕ್ಕದಲ್ಲಿ ನಿಂತಳು.

“ನಮ್ಮ ಸೊಸಿ ಎಲ್ಲಿಗೂ ಹೋಗಂಗಿಲ್ರಿ ಸಾಹೇಬ್ರ. ನಿಮ್ಮ ಬಾವಿ ನಿಮ್ಮ ಹತ್ರ ಇಟ್ಟುಕೊಳ್ರಿ.”

ಸಾಹೇಬರು ಭೀಮಲಿಂಗಪ್ಪನವರನ್ನು ನೋಡಿದರು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, “ಹೆಣ್ಣು ಕೊಟ್ಟೋರು, ತಂದೋರು ಇಬ್ರೂ ಒಂದ ಮಾತು ಅಂದ ಮ್ಯಾಲೆ ನಂದೇನೈತ್ರಿ?” ಎಂದರು. ಪಾಪ, ಆ ಬಾವಿಗಾಗಿ ಅವರು ಅಲೆದದ್ದು ನನಗೆ ಗೊತ್ತು. ಜೀಪು ಹೋಯಿತು, ಅದರ ಹಿಂದೆ ಬಾವಿಯೂ ಹೋಯಿತು.

ಜನ ಕರಗಿದ ಮೇಲೂ ಶಂಕರಮ್ಮ ಗಿಡದ ಪಾತಿಯ ಬದಿಗೇ ಕೂತಿದ್ದಳು. ಭೀಮಕ್ಕ ಅವಳ ಎದುರಿಗೆ ಕೂತು, ಸೆರಗಿನಿಂದ ಅವಳ ಮುಖ ಒರೆಸಿದಳು.

“ಆಕಿಗೆ ನಿನ್ನ ಮನಿತನಕ ಬರಾಕ ಆಗಂಗಿಲ್ಲ. ನೀನ ಬಾ ಪಂಚಮಿಗೆ. ಮಗಳ ಮನಿಗೆ ಅವ್ವ ಬಂದ್ರ ಬ್ಯಾಡ ಅನ್ನಾಕ ನಾ ಯಾರು? ಉಂಡಿ ನಾ ಕಟ್ತೀನಿ. ನಮ್ಮ ಮನ್ಯಾಗ ಉಳಕೊಂಡು ಹೋಗು.”